ಮಗದೊಂದರ ಆಚೆ

ಆ ಊರಿನಲ್ಲಿ ಬಾಯಿಬಿಟ್ಟು ಎಣಿಸುವಂತಿರಲಿಲ್ಲ. ಒಂದು ಅನ್ನಬಹುದಿತ್ತು. ಇನ್ನೊಂದು ಅನ್ನಬಹುದಿತ್ತು. ಮತ್ತೊಂದು, ಮಗದೊಂದು. ಅಲ್ಲಿಗೆ ತುಟಿ ಹೊಲಿದುಕೊಳ್ಳಬೇಕು. ಮಗದೊಂದರ ಆಚೆಗಿನ ಹೆಸರುಗಳೆಲ್ಲ ಕಚೇರಿಯ ಸ್ವತ್ತು. ಹೆತ್ತವಳು ಮಕ್ಕಳನ್ನು ಹೆಸರು ಹಿಡಿದು ಕೂಗುತ್ತಿದ್ದಳೇ ಹೊರತು ಎಷ್ಟು ಮಂದಿ ಎಂದು ಹೇಳುತ್ತಿರಲಿಲ್ಲ. ಕುರಿ ಕಾಯುವವನು ಸಂಜೆ ಹಟ್ಟಿಯ ಬಾಗಿಲಲ್ಲಿ ನಿಂತು ಒಂದೊಂದು ಕುರಿಯ ಮುಖ ನೋಡಿ, ಯಾವ ಮುಖ ಬಂದಿಲ್ಲ ಎಂದು ಯೋಚಿಸುತ್ತಿದ್ದ. ಬೆರಳು ಮಡಿಸಿ ಆಟವಾಡಿದ ಮಕ್ಕಳ ಬೆರಳುಗಳನ್ನು ಸೇರಿಸಿ ದಾರ ಸುತ್ತುತ್ತಿದ್ದರು. ಇದನ್ನೆಲ್ಲ ಅವರು ಮರ್ಯಾದೆ ಎಂದು ಕರೆಯುತ್ತಿದ್ದರು.

ಎಣಿಸುವುದು ಯಂತ್ರದ ಕೆಲಸ. ಊರ ನಡುವೆ ಕಚೇರಿ, ಕಚೇರಿಯ ನಡುವೆ ಕಲ್ಲಿನ ಮೇಜು, ಮೇಜಿನ ಮೇಲೆ ಕಪ್ಪು ಕಬ್ಬಿಣದ ಯಂತ್ರ. ಎದೆಯ ಮೇಲೆ ಸಾಲಾಗಿ ಪುಟ್ಟ ಕಿಂಡಿಗಳು, ಕಿಂಡಿಗಳಲ್ಲಿ ಬಿಳಿ ಅಂಕಿಗಳು, ಬಲಗಡೆ ಒಂದು ಹಿಡಿ. ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಒಳಗೆ ಹಲ್ಲಿನ ಚಕ್ರಗಳು ಕರಕರ ಎಂದು ಒಂದು ಅಂಕಿ ಮುಂದೆ ಹೋಗುತ್ತಿದ್ದವು. ಹೊಟ್ಟೆಯೊಳಗೆಲ್ಲೋ ಒಂದು ಗಂಟೆಯೂ ಇತ್ತು. ಯಾರು ತಂದರು, ಯಾವುದಕ್ಕೆ ತಂದರು ಎಂಬುದು ಮುತ್ತಾತನ ಕಾಲದವರಿಗೂ ಗೊತ್ತಿರಲಿಲ್ಲ. ಅದು ಗಂಡುದೇವರೋ ಹೆಣ್ಣುದೇವರೋ ಎಂಬುದೂ ತೀರ್ಮಾನವಾಗದೆ ಒಂದು ಕಡೆ ವಿಭೂತಿ, ಇನ್ನೊಂದು ಕಡೆ ಕುಂಕುಮ ಬಳಿದಿದ್ದರು.

ವರ್ಷಕ್ಕೊಮ್ಮೆ ಸೊನ್ನೆಯಿಂದ ಎಣಿಕೆ. ಊರಿಗೆ ಊರೇ ಸಾಲು ನಿಲ್ಲಬೇಕು. ಒಬ್ಬೊಬ್ಬರೂ ಬಂದು ಯಂತ್ರದ ಎದುರಿನ ಚಪ್ಪಡಿಯ ಮೇಲೆ ನಿಂತಾಗ ಪಕ್ಕದಲ್ಲಿ ಕೂತ ಲೆಕ್ಕದ ಯಜಮಾನ "ಮುಂದೆ" ಎನ್ನುತ್ತಿದ್ದ, ಹಿಡಿ ಒಂದು ಸುತ್ತು ತಿರುಗುತ್ತಿತ್ತು, ನಿಂತವರು ಲೆಕ್ಕಕ್ಕೆ ಸೇರಿ ಈಚೆ ಬರುತ್ತಿದ್ದರು. ಕೊನೆಯವರು ದಾಟಿದ ಮೇಲೆ ಯಜಮಾನ ಕಿಂಡಿಗಳಲ್ಲಿ ಬಗ್ಗಿ ನೋಡಿ, ಕಣಜ ಕಾಯುವವನ ಕಿವಿಯಲ್ಲಿ ಒಂದು ಹೆಸರು ಉಸುರುತ್ತಿದ್ದ. ಆ ವರ್ಷವೆಲ್ಲ ದಿನಕ್ಕೆ ಅಷ್ಟು ಸೇರು ಧಾನ್ಯ ಹೊರಗೆ ಬರುತ್ತಿತ್ತು. ಅದು ಯಾವ ವರ್ಷವೂ ಸಾಲುತ್ತಿರಲಿಲ್ಲ.

ಸಾಲು ದಾಟುತ್ತಿರುವಾಗ ನಡುವೆ ಎಲ್ಲೋ ಗಂಟೆ ಹೊಡೆಯುತ್ತಿತ್ತು. ಠಣ್! ಕಿಂಡಿಗಳೆಲ್ಲ ಒಟ್ಟಿಗೆ ಉರುಳಿ ಸೊನ್ನೆಗೆ ನಿಲ್ಲುತ್ತಿದ್ದವು. ಆಗ ಚಪ್ಪಡಿಯ ಮೇಲೆ ಯಾರು ನಿಂತಿರುತ್ತಾರೋ ಅವರು ಸೊನ್ನೆ. ಯಜಮಾನ ಎರಡೂ ಅಂಗೈ ಕೊಡವುತ್ತಿದ್ದ, ಅಷ್ಟೇ. ಆ ಗಳಿಗೆಯಿಂದ ಅವರು ಊರಲ್ಲಿ ಇಲ್ಲ. ಅವರ ಹೆಸರು ಹೇಳುವಂತಿಲ್ಲ, ಮಾತು ಕೇಳಿಸಿಕೊಳ್ಳುವಂತಿಲ್ಲ, ಅವರಿಗೆ ಎಲೆ ಹಾಕುವಂತಿಲ್ಲ. ಅವರು ಸಂತೆಮಾಳದ ಆಚೆಯ ಮುರುಕು ಕೊಟ್ಟಿಗೆಗೆ ಹೋಗಿ ಸೇರಿಕೊಳ್ಳುತ್ತಿದ್ದರು. ಹಿಂದೆ ನಿಂತವರನ್ನು ಯಂತ್ರ ಮೊದಲಿಂದ ಎಣಿಸುತ್ತಿತ್ತು.

"ಗಂಟೆ ಸುಮ್ಮನೆ ಹೊಡೀತದಾ? ಅವರಲ್ಲೇ ಏನೋ ಐಬು ಇರ್ಬೇಕು" ಎಂದು ಊರವರು ಹೇಳುತ್ತಿದ್ದರು. ಧಾನ್ಯ ಸಾಲದಿದ್ದರೆ, ಸೊನ್ನೆಗಳು ಕದ್ದು ತಿನ್ನುತ್ತವೆ ಎನ್ನುತ್ತಿದ್ದರು. ಸಾಲಿನ ಮೊದಲಿಗರ ಮೇಲೆ ಗಂಟೆ ಹೊಡೆದದ್ದನ್ನು ಯಾರೂ ಕಂಡಿರಲಿಲ್ಲ. ಹೀಗಾಗಿ ದೊಡ್ಡಮನೆಗಳವರು ನಸುಕಿನಲ್ಲೇ ಬಂದು ಮುಂದೆ ನಿಲ್ಲುತ್ತಿದ್ದರು, ಬೇಗ ಏಳುವವರಿಗೆ ದೇವರೂ ಹೆದರುತ್ತಾನೆಂದು ಮಿಕ್ಕವರಿಗೆ ಬುದ್ಧಿ ಹೇಳುತ್ತಿದ್ದರು. ಗಾದೆಗೂ ಇವರ ಮನೆಯ ಚಾಕರಿ!

ಹಿಡಿ ತಿರುಗಿಸುವವಳು ಒಬ್ಬ ಹೆಂಗಸು. ಊರವರು ಅವಳನ್ನು ಹಿಡಿಯವಳು ಎನ್ನುತ್ತಿದ್ದರು. ತಿರುಗಿಸಿ ತಿರುಗಿಸಿ ಅವಳ ಬಲತೋಳು ಎಡತೋಳಿಗಿಂತ ದಪ್ಪವಾಗಿತ್ತು. ದರ್ಜಿ ಅವಳ ರವಿಕೆಯ ಬಲತೋಳನ್ನು ಬೇರೆ ಅಳತೆಗೆ ಹೊಲಿಯುತ್ತಿದ್ದ. ಅವಳಿಗೆ ಅಂಕಿ ಗೊತ್ತಿರಲಿಲ್ಲ. ಆದರೆ ಅವಳ ತೋಳಿಗೆ ಬೇರೆ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ಗೊತ್ತಿತ್ತು. ಗಂಟೆ ಹೊಡೆಯುವ ಮೊದಲು ಹಿಡಿ ಭಾರವಾಗುತ್ತಿತ್ತು. ಚಕ್ರಗಳೆಲ್ಲ ಒಟ್ಟಿಗೆ ಉರುಳಲು ತಯಾರಾಗಿ ಒಂದಕ್ಕೊಂದು ಆತುಕೊಂಡು ನಿಲ್ಲುತ್ತಿದ್ದವು. ಆ ಭಾರ ತೋಳಿಗೆ ತಿಳಿದಾಗಲೆಲ್ಲ ಅವಳು ತಲೆ ತಗ್ಗಿಸಿ, ಚಪ್ಪಡಿಯ ಮೇಲೆ ಯಾರಿದ್ದಾರೆಂದು ನೋಡದೆ, ತಿರುಗಿಸಿಬಿಡುತ್ತಿದ್ದಳು.

ಅವಳಿಗೆ ಇದ್ದವಳು ಒಬ್ಬ ತಂಗಿ. ತಾಯಿ ಸತ್ತ ಮೇಲೆ ಅಕ್ಕನೇ ಎತ್ತಿ ಆಡಿಸಿ ಬೆಳೆಸಿದ ಹುಡುಗಿ. ನಾರಿನ ಹಗ್ಗ ಹೊಸೆಯುವುದು ಅವಳ ಕಸುಬು, ಹಗ್ಗಕ್ಕಿಂತ ಅವಳ ನಾಲಗೆ ಉದ್ದ. ಅವಳು ನಕ್ಕರೆ ಬೀದಿಯ ಕೊನೆಯ ಮನೆಯವರೂ ಯಾಕೆಂದು ತಿಳಿಯದೆ ನಗುತ್ತಿದ್ದರು.

ಆ ವರ್ಷದ ಎಣಿಕೆಗೆ ತಂಗಿ ನಸುಕಿನಲ್ಲೇ ಬಂದು ದೊಡ್ಡಮನೆಗಳವರ ಹಿಂದೆಯೇ ನಿಂತಿದ್ದಳು. ದೊಡ್ಡಮನೆಗಳವರು ದಾಟುವಷ್ಟರಲ್ಲಿ ಬಿಸಿಲು ಏರಿತು. ಅಕ್ಕನ ಮುಖದಲ್ಲಿ ಬೆವರು ಇಳಿಯುತ್ತಿರುವುದನ್ನು ಕಂಡು, ಜಾಗ ಬಿಟ್ಟು ಮನೆಗೆ ಓಡಿ ಒಂದು ಚೊಂಬು ಅಂಬಲಿ ತಂದಳು. ಕುಡಿಸಿ ತಿರುಗಿ ನೋಡಿದರೆ ಅವಳ ಜಾಗವನ್ನು ಯಾರೋ ನುಂಗಿದ್ದರು. "ಹೋಗ್ಲಿ ಬಿಡು, ಹಿಂದೆ ನಿಂತ್ರೆ ಏನು ಸೊರಗಿ ಹೋಗ್ತೀನಾ?" ಎಂದು ನಗುತ್ತ ಹಿಂದೆ ಹೋದಳು.

ಅವಳು ಚಪ್ಪಡಿಯ ಮೇಲೆ ಬಂದು ನಿಂತಾಗ ಹಿಡಿ ಭಾರವಾಯಿತು.

ಹಿಡಿಯವಳು ಆ ದಿನ ತಲೆ ತಗ್ಗಿಸಲಿಲ್ಲ. ನೋಡಿದಳು. ತಂಗಿಯ ತುಟಿಯ ಮೇಲೆ ಅಂಬಲಿಯ ಬಿಳಿ ಇನ್ನೂ ಅಂಟಿಕೊಂಡಿತ್ತು. "ಮುಂದೆ" ಎಂದ ಯಜಮಾನ. ತೋಳು ನಿಂತಿತ್ತು. "ಮುಂದೆ" ಎಂದು ಅವನು ಮತ್ತೆ ಹೇಳಿದ, ಸಿಟ್ಟಿಲ್ಲದೆ, ಹಸುವಿಗೆ ಹೇಳುವ ಹಾಗೆ. ಅಷ್ಟು ವರ್ಷದ ಅಭ್ಯಾಸ ತೋಳನ್ನು ಎಳೆಯಿತು. ಠಣ್!

"ಅಕ್ಕಾ, ಇನ್ನೊಂದ್ಸಲ ತಿರುಗ್ಸೆ" ಎಂದಳು ತಂಗಿ. "ಏನೋ ತಪ್ಪಾಗಿದೆ ಕಣೆ, ಇನ್ನೊಂದ್ಸಲ."

ಯಜಮಾನ ಅಂಗೈ ಕೊಡವಿದ. ಹಿಂದೆ ನಿಂತವರ ಎದೆಯಿಂದ ನಿರಾಳದ ಉಸಿರು ಹೊರಬಿತ್ತು. "ಮುಂದೆ" ಎಂದ. ಹಿಡಿಯವಳು ಹಿಂದಿನವನಿಗಾಗಿ ತಿರುಗಿಸಿದಳು. ಅವನ ಹಿಂದಿನವಳಿಗಾಗಿ ತಿರುಗಿಸಿದಳು. ಸಾಲು ಮುಗಿಯುವವರೆಗೂ ತಿರುಗಿಸಿದಳು.

ಮನೆಗೆ ಹೋಗಿ ಒಂದೇ ಎಲೆ ಹಾಕಿಕೊಂಡಳು. ತಂಗಿ ಎಂದಿನಂತೆ ಎದುರಿಗೆ ಬಂದು ಚಕ್ಕಂಬಕ್ಕಳ ಹಾಕಿ ಕೂತಳು. "ಅಕ್ಕಾ, ನನಗೆ?" ಎಂದಳು. ಹಿಡಿಯವಳಿಗೆ ಕೇಳಿಸಿತು, ಚೆನ್ನಾಗಿಯೇ ಕೇಳಿಸಿತು. ಅವಳು ಗೋಡೆ ನೋಡುತ್ತ ತುತ್ತು ನುಂಗಿದಳು. ತಂಗಿ ಎದ್ದು ಹೋದಳು. ಒಡಹುಟ್ಟಿದವಳ ಕೈಯಲ್ಲಿ ಇದನ್ನು ಮಾಡಿಸಿದ ಊರಿಗೆ ಬೆಂಕಿ ಬೀಳಲಿ! ಆದರೆ ಬೆಂಕಿ ಬೀಳಲಿಲ್ಲ. ಅಂಥ ಊರುಗಳಿಗೆ ಬೀಳುವುದೂ ಇಲ್ಲ.

ಆಮೇಲೆ ಹಿಡಿಯವಳಿಗೆ ಊಟ ಸೇರಲಿಲ್ಲ. ಬಾಯಿಗಿಟ್ಟದ್ದೆಲ್ಲ ಮಣ್ಣು. ಮನೆ ಗುಡಿಸಿದರೆ ನಾರಿನ ಎಳೆ ಸಿಗುತ್ತಿತ್ತು. ಒಂದು ಮಧ್ಯಾಹ್ನ ಊರೆಲ್ಲ ಮಲಗಿದ್ದಾಗ ಅವಳು ಸಂತೆಮಾಳ ದಾಟಿ ಕೊಟ್ಟಿಗೆಯ ಕಡೆ ನಡೆದಳು.

ಒಳಗಿಂದ ಬಂದ ಸದ್ದು ಕೇಳಿ ಬಾಗಿಲಲ್ಲೇ ನಿಂತುಬಿಟ್ಟಳು. ಅವರು ಎಣಿಸುತ್ತಿದ್ದರು! ಬಾಯಿಬಿಟ್ಟು, ರಾಗವಾಗಿ, ಕಡ್ಡಿಗಳನ್ನೂ ಕಾಗೆಗಳನ್ನೂ ಒಬ್ಬರನ್ನೊಬ್ಬರನ್ನೂ ಎಣಿಸುತ್ತಿದ್ದರು.

"ನಿಮಗೆ ಭಯ ಇಲ್ವಾ?" ಎಂದಳು.

"ಸೊನ್ನೆಗೆ ಯಾವ ಕಾನೂನೇ ಅಕ್ಕಾ?" ಎಂದಳು ತಂಗಿ, ಹಗ್ಗ ಹೊಸೆಯುವುದನ್ನು ನಿಲ್ಲಿಸದೆ. ದನಿಯಲ್ಲಿ ನಗುವಿರಲಿಲ್ಲ.

ಮೂಲೆಯಲ್ಲಿ ಒಬ್ಬ ಮುದುಕಿ ಕೂತಿದ್ದಳು. ಒಂದು ಕಾಲದಲ್ಲಿ ಊರಿನ ರೇಡಿಯೋಗಳನ್ನು ರಿಪೇರಿ ಮಾಡುತ್ತಿದ್ದವಳು, ಕಚೇರಿಯ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದವಳು. ಗಂಟೆ ಅವಳ ಮೇಲೂ ಹೊಡೆದಿತ್ತು. ಕೊಟ್ಟಿಗೆಯಲ್ಲಿ ಅವಳಿಗೆ ತಂತಿಯವಳು ಎಂದು ಹೆಸರು. ಅವಳ ಮಡಿಲಲ್ಲಿ ಸತ್ತ ರೇಡಿಯೋ ಒಂದರ ಮರದ ಪೆಟ್ಟಿಗೆಯಿತ್ತು. ಪೆಟ್ಟಿಗೆಯ ತುಂಬ ತಂತಿ, ಮುಖದ ತುಂಬ ಟಾರ್ಚಿನ ಪುಟ್ಟ ಬಲ್ಬುಗಳ ಸಾಲು, ಕೆಳಗೆ ಒಂದು ಗುಂಡಿ. ಅವಳು ಗುಂಡಿ ಒತ್ತಿದಳು, ಒಂದು ದೀಪ ಹತ್ತಿತು. ಮತ್ತೆ ಒತ್ತಿದಳು, ದೀಪಗಳು ಜಾಗ ಬದಲಿಸಿದವು. ಪ್ರತಿ ಎಣಿಕೆಗೂ ದೀಪಗಳ ಒಂದೊಂದು ಬೇರೆ ಚಿತ್ರ.

"ಇದೂ ಎಣಿಸ್ತದೆ" ಎಂದಳು ತಂತಿಯವಳು. "ಸಾಲು ತುಂಬಿದ್ರೆ ಇನ್ನೊಂದು ಸಾಲು ಹೆಣೀತೀನಿ. ಅದೂ ತುಂಬಿದ್ರೆ ಮತ್ತೊಂದು. ಬಲ್ಬ್ ಹುಡುಕೋದೊಂದೇ ಕಷ್ಟ."

"ಗಂಟೆ ಎಲ್ಲಿ ಅಜ್ಜಿ?"

ತಂತಿಯವಳು ಅವಳನ್ನು ದಿಟ್ಟಿಸಿ ನೋಡಿದಳು. "ಅಲ್ಲ ಮಗಳೇ, ಇಷ್ಟು ವರ್ಷ ಆ ಹಿಡಿ ತಿರುಗ್ಸಿದೀಯ. ಗಂಟೆ ಯಾಕೆ ಹೊಡೀತದೆ ಅಂತ ಒಂದಿನಾನಾದ್ರೂ ಕೇಳ್ಕೊಂಡ್ಯಾ? ಆ ಯಂತ್ರಕ್ಕೆ ಇರೋದು ಒಂದಿಷ್ಟು ಕಿಂಡಿ. ಅಷ್ಟೂ ತುಂಬಿದ್ಮೇಲೆ ಅದು ಇನ್ನೇನು ಮಾಡ್ಬೇಕು? ನನ್ನಲ್ಲಿನ್ನು ಜಾಗ ಇಲ್ಲ, ಇದನ್ನ ನೀವೇ ನೆನಪಿಟ್ಕೊಳ್ಳಿ ಅಂತ ಗಂಟೆ ಹೊಡೀತದೆ ಪಾಪ. ನಮ್ಮ ಜನ ಏನು ಮಾಡಿದ್ರು? ನಿಂತವರಿಗೇ ಜಾಗ ಇಲ್ಲ ಅಂದ್ರು. ಸೇರು ತುಂಬಿ ಚೆಲ್ಲಿದ್ರೆ ಅಕ್ಕೀದಾ ತಪ್ಪು?"

ಹಿಡಿಯವಳು ಅಲ್ಲೇ ಕುಸಿದು ಕೂತಳು. ಮೊದಲು ಅಳು ಬಂತು. ಅಳು ಅರ್ಧಕ್ಕೇ ನಿಂತು ಸಿಟ್ಟು ಬಂತು. ಒಂದು ಕಬ್ಬಿಣದ ಡಬ್ಬ ಸುಸ್ತಾಯಿತೆಂದು ಹೇಳಿದ್ದಕ್ಕೆ ಇಷ್ಟು ಜನರ ಅನ್ನ ಕಸಿದಿದ್ದರು! ಕಸಿದದ್ದು ತನ್ನದೇ ತೋಳು. ಅವಳು ಪೆಟ್ಟಿಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಸೀದಾ ಕಚೇರಿಗೆ ನಡೆದಳು.

ಯಜಮಾನ ಬೈಯುತ್ತಾನೆ, ಪೆಟ್ಟಿಗೆ ಒಡೆಯುತ್ತಾನೆ ಎಂದು ಅವಳು ಹಲ್ಲುಕಚ್ಚಿ ತಯಾರಾಗಿದ್ದಳು. ಅವನು ಹಾಗೇನೂ ಮಾಡಲಿಲ್ಲ. ಪೆಟ್ಟಿಗೆಯನ್ನು ಎಲ್ಲ ಕಡೆಯಿಂದ ನೋಡಿ ಕಣ್ಣರಳಿಸಿದ. "ಭೇಷ್! ಹೊಸದು ಬರ್ಲಿ ಕಣಮ್ಮಾ. ಬೇಡ ಅನ್ನೋಕೆ ನಾವೇನು ಹಳೇ ಕಲ್ಲುಗಳಾ? ಪರೀಕ್ಷೆ ಮಾಡೋಣ."

ಹುಣಸೆಬೀಜದ ರಾಶಿ ತರಿಸಿದ. ಒಂದೊಂದೇ ಬೀಜವನ್ನು ಚಪ್ಪಡಿಯ ಮೇಲೆ ಇಟ್ಟು, ಬಲಗೈಯಲ್ಲಿ ಹಿಡಿ ತಿರುಗಿಸಿ, ಎಡಗೈಯಲ್ಲಿ ಗುಂಡಿ ಒತ್ತುವಂತೆ ಅವಳಿಗೆ ಹೇಳಿದ. ಬಹಳ ಹೊತ್ತಿನ ಮೇಲೆ ಹಿಡಿ ಭಾರವಾಯಿತು. ಠಣ್! ಯಂತ್ರ ಸೊನ್ನೆಗೆ ಬಂತು. ಪೆಟ್ಟಿಗೆ ಮಾತ್ರ ಸದ್ದಿಲ್ಲದೆ ಇನ್ನೊಂದು ದೀಪ ಹತ್ತಿಸಿ ಮುಂದಕ್ಕೆ ಹೋಯಿತು. ಯಜಮಾನ ಆ ಒಂದು ಬೀಜವನ್ನು ಎತ್ತಿ ಕಿಟಕಿಯಿಂದ ಹೊರಗೆಸೆದು ಅಂಗೈ ಕೊಡವಿದ.

"ನೋಡಿದ್ಯಾ? ನಿನ್ನ ಪೆಟ್ಟಿಗೆ ತಪ್ಪು ಹೇಳ್ತು."

"ತಪ್ಪು ಹೇಳಿದ್ದು ಯಂತ್ರ, ಯಜಮಾನ್ರೇ. ಬೀಜ ಇನ್ನೂ ರಾಶಿ ಇದಾವೆ, ಇಲ್ಲಿ ಸೊನ್ನೆ ತೋರಿಸ್ತಿದೆ!"

"ಹಳೇದು ಹೇಳಿದ್ದನ್ನೇ ಹೇಳಿದ್ರೆ ಹೊಸದು ಸರಿ, ಬೇರೆ ಹೇಳಿದ್ರೆ ಹೊಸದು ತಪ್ಪು. ಇನ್ಯಾವುದ್ರಿಂದ ಅಳೀತೀಯಮ್ಮಾ?" ಅವನ ದನಿ ಬೆಣ್ಣೆಯಂತಿತ್ತು. "ದೊಡ್ಡ ದೋಷ ಏನಲ್ಲ, ಒಂದು ಗಂಟೆ ಕೂರಿಸ್ಕೊಂಡು ಬಾ. ಹುಣ್ಣಿಮೆ ದಿನ ಊರನ್ನೆಲ್ಲ ಸೇರಿಸಿ ಹೊಸ ಎಣಿಕೆ ಮಾಡಿ ಹಾರ ಹಾಕೋಣ. ಆಮೇಲೆ ಮನೆಗೊಂದು ಪೆಟ್ಟಿಗೆ ಮಾಡಿಸೋಣ. ಬಿಸಿಲಲ್ಲಿ ಬಂದು ಸಾಲು ನಿಲ್ಲೋ ಕಷ್ಟ ಯಾಕೆ ಜನಕ್ಕೆ? ಅವರವರ ಮನೇಲೇ ಅವರವರು ಗಂಟೆ ಹೊಡ್ಕೊಳ್ಳಲಿ." ಆಮೇಲೆ ಬಗ್ಗಿ ಮೆಲ್ಲಗೆ, "ನಿನ್ನ ತಂಗೀನ ಸಾಲಿಗೆ ಮೊದಲನೆಯವಳಾಗಿ ನಿಲ್ಲಿಸ್ತೀನಿ. ನನ್ನ ಮಾತು" ಎಂದ.

ಅಂದರೆ ಇವನಿಗೆ ಸೊನ್ನೆಗಳು ಕಾಣಿಸುತ್ತಿದ್ದರು! ಬೇಕಾದಾಗ ಕಾಣಿಸುತ್ತಿದ್ದರು, ಬೇಕಾದಾಗ ಕೇಳಿಸುತ್ತಿದ್ದರು. ಹಿಡಿಯವಳ ಕಿವಿ ಬಿಸಿಯಾಯಿತು. ಆದರೂ ಪೆಟ್ಟಿಗೆ ಎತ್ತಿಕೊಂಡು ಕೊಟ್ಟಿಗೆಗೆ ಬಂದು, ನಾಚಿಕೆ ಬಿಟ್ಟು ಕೇಳಿದಳು. "ಒಂದು ಗಂಟೆ ಕೂರಿಸ್ಕೊಡಿ ಅಜ್ಜಿ. ನನ್ನ ತಂಗಿ ಮನೆಗೆ ಬರ್ತಾಳೆ."

"ಕೂರಿಸ್ಕೊಡ್ತೀನಿ, ಅದೇನು ದೊಡ್ಡ ಕೆಲಸ" ಎಂದಳು ತಂತಿಯವಳು. "ಯಂತ್ರಕ್ಕೆ ಜಾಗ ಸಾಲದೆ ಗಂಟೆ ಹೊಡೀತದೆ. ನನ್ನ ಪೆಟ್ಟಿಗೇಲಿ ಜಾಗಕ್ಕೆ ಬರ ಇಲ್ಲ. ಹಾಗಾಗಿ ನೀನೇ ಹೇಳ್ಬೇಕು, ಯಾರ ಮೇಲೆ ಹೊಡೀಲಿ?"

ಹಿಡಿಯವಳು ಪೆಟ್ಟಿಗೆಯನ್ನು ನೆಲಕ್ಕಿಟ್ಟಳು.

"ಅವಳನ್ನ ಕೇಳ್ಬೇಡಿ ಅಜ್ಜಿ" ಎಂದಳು ತಂಗಿ. ಅವಳ ಕೈ ಮೊದಲ ಸಲ ಹಗ್ಗ ಬಿಟ್ಟಿತು. "ನಾನು ಆ ಮನೆಗೆ ಬರಲ್ಲ. ಊಟಕ್ಕೆ ಕೂತು, ನನಗೆ ಅಂತ ಕೇಳ್ದೆ. ಗೋಡೆ ನೋಡ್ಕೊಂಡು ತಿಂದ್ಯಲ್ಲ ಅಕ್ಕಾ, ಆಗ ಮನೇಲಿ ಯಾವ ಯಂತ್ರ ಇತ್ತೇ? ಯಾವ ಯಜಮಾನ ಇದ್ದ? ನೀನು, ನಾನು, ಒಂದು ಎಲೆ. ನನ್ನ ಜಾಗಕ್ಕೆ ಇನ್ಯಾರನ್ನೋ ಈ ಕೊಟ್ಟಿಗೆಗೆ ತಳ್ಳಿ ನನ್ನ ಕರ್ಕೊಂಡು ಹೋಗ್ತೀಯಾ? ಥೂ!"

ಹಿಡಿಯವಳು ಮನೆಗೆ ಹೋಗಲಿಲ್ಲ. ಹುಣ್ಣಿಮೆಯವರೆಗೂ ಕೊಟ್ಟಿಗೆಯಲ್ಲೇ ಉಳಿದಳು. ತಂಗಿ ಅವಳ ಜೊತೆ ಬೇರೆ ಮಾತಾಡಲಿಲ್ಲ, ಎಣಿಸುವುದನ್ನು ಮಾತ್ರ ಕಲಿಸಿದಳು. ಒಂದು, ಎರಡು, ಮೂರು, ನಾಲ್ಕು. ಮಗದೊಂದರ ಆಚೆಗೆ ಐದು ಇತ್ತು. ಮೊದಲ ಸಲ ಐದು ಎಂದಾಗ ಬಿಸಿ ತುತ್ತು ಬಾಯಿಗಿಟ್ಟಂತಾಗಿ ಅವಳ ನಾಲಗೆ ತಡಬಡಿಸಿತು. ತಂಗಿ "ಮತ್ತೆ ಹೇಳು" ಎಂದಳು.

ಹುಣ್ಣಿಮೆಯ ದಿನ ಬೆಳಿಗ್ಗೆ ಊರೆಲ್ಲ ಕಚೇರಿಯ ಮುಂದೆ ಸಾಲು ನಿಂತಿತ್ತು, ದೊಡ್ಡಮನೆಗಳವರು ಎಂದಿನಂತೆ ಮುಂದೆ. ತಂತಿಯವಳೂ ತಂಗಿಯೂ ಹಿಡಿಯವಳ ಹಿಂದೆ ನಡೆದು ಬಂದರು. ಜನ ಪದ್ಧತಿಯಂತೆ ಮುಖ ತಿರುಗಿಸಿದರು. ಯಜಮಾನ ಹಾರ ಹಿಡಿದು ನಿಂತಿದ್ದ.

"ಗಂಟೆ ಎಲ್ಲಮ್ಮಾ?"

"ಕೂರಿಸ್ಲಿಲ್ಲ."

"ಹಾಗಾದ್ರೆ ಇದು ಲೆಕ್ಕಕ್ಕೆ ಬರಲ್ಲ. ಹಳೇದನ್ನೇ ತಿರುಗ್ಸು."

"ತಿರುಗ್ಸ್ತೀನಿ." ಅವಳು ಹಿಡಿಯ ಮೇಲೆ ಕೈಯಿಟ್ಟಳು. "ಮೊದಲು ನೀವು ಬಂದು ಚಪ್ಪಡಿ ಮೇಲೆ ನಿಲ್ಲಿ, ಯಜಮಾನ್ರೇ. ನಾನು ಹಿಡಿ ಹಿಡಿದಾಗಿಂದ ಇಲ್ಲಿವರೆಗೂ ನಿಮ್ಮನ್ನ ಒಂದ್ಸಲಾನೂ ಎಣಿಸಿಲ್ಲ. ಎಣಿಕೆಗೆ ಸೇರದವರು ಊರಲ್ಲೇ ಇಲ್ಲ ಅಂತ ಹೇಳಿಕೊಟ್ಟವರು ನೀವೇ ಅಲ್ವಾ? ಇಲ್ಲದೇ ಇರೋರ ಮಾತನ್ನ ಈ ಜನ ಇಷ್ಟು ವರ್ಷ ಹೇಗೆ ಕೇಳಿದ್ರು?"

ಯಜಮಾನ ನಗಲು ನೋಡಿದ. ಸಾಲು ನಗಲಿಲ್ಲ. ಬಿಸಿಲಲ್ಲಿ ನಿಂತು ನಿಂತು ಬೆಂದಿದ್ದ ಜನ. ಹಿಂದಿನಿಂದ ಯಾರೋ "ಹೌದಲ್ವೇ!" ಎಂದರು. "ಅವನೂ ನಿಲ್ಲಲಿ" ಎಂದು ಇನ್ನೊಬ್ಬರು, ಮತ್ತೊಬ್ಬರು, ಮಗದೊಬ್ಬರು. ಆಮೇಲೆ ಅದು ಗದ್ದಲವಾಯಿತು. ಹತ್ತಾರು ಕೈಗಳು ಸೇರಿ ಅವನನ್ನು ಎತ್ತಿ ತಂದು ಚಪ್ಪಡಿಯ ಮೇಲೆ ನಿಲ್ಲಿಸಿದವು. ಹಾರ ಕೆಳಗೆ ಬಿದ್ದು ಕಾಲ್ತುಳಿತಕ್ಕೆ ಸಿಕ್ಕಿತು.

"ತಿರುಗ್ಸು! ಬಾರ್ಸು ಗಂಟೆ!"

ಅವಳು ತಿರುಗಿಸಿದಳು. ಬರಿದೇ ತಿರುಗಿಸಿದಳು, ಸುತ್ತಿನ ಮೇಲೆ ಸುತ್ತು. ಚಕ್ರಗಳು ಕಿರುಚಿದವು. ಯಾವತ್ತೂ ಗಟ್ಟಿಯಾಗಿ ಉಸಿರೆತ್ತದ ಜನ ಒಂದೊಂದು ಸುತ್ತಿಗೂ "ಹೋ" ಎಂದು ಕೂಗಿದರು. ಕೊನೆಗೆ ಹಿಡಿ ಭಾರವಾಯಿತು. ಇನ್ನೊಂದೇ ಸುತ್ತು. ಯಜಮಾನನ ಹಣೆಯಿಂದ ಬೆವರು ಇಳಿಯುತ್ತಿತ್ತು, "ಬೇಡಮ್ಮಾ, ಬೇಡ ತಾಯೀ" ಎನ್ನುತ್ತಿದ್ದ. ಅವಳಿಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಬೇಕು? ಜೀವನದಲ್ಲಿ ಅಷ್ಟು ಸಂತೋಷ ಅವಳಿಗೆ ಎಂದೂ ಆಗಿರಲಿಲ್ಲ.

ತಲೆಯೆತ್ತಿ ಜನರ ಮುಖ ನೋಡಿದಳು. ತಂಗಿಯ ಮೇಲೆ ಗಂಟೆ ಹೊಡೆದಾಗ ನಿರಾಳವಾಗಿ ಉಸಿರು ಬಿಟ್ಟಿದ್ದ ಅದೇ ಮುಖಗಳು. ಅವರಿಗೆ ಗಂಟೆ ಹೊಡೆಯಬೇಕಾಗಿತ್ತು, ಬೇರೆ ಯಾರ ಮೇಲಾದರೂ ಸರಿ. ಇದೊಂದು ಸಲ ಹೊಡೆದರೆ ಇನ್ನು ಮುಂದೆ ಯಾರೂ ಅದನ್ನು ನಿಲ್ಲಿಸಲಾರರು, ಯಾಕೆಂದರೆ ಪಾಪಿಯನ್ನೂ ಅದು ಹಿಡಿಯಿತಲ್ಲ ಎನ್ನುತ್ತಾರೆ. ಅವಳು ಹಿಡಿಯಿಂದ ಕೈ ತೆಗೆದಳು.

ಮೇಜು ಸುತ್ತಿಕೊಂಡು ಬಂದು, ಯಜಮಾನನ ಭುಜವನ್ನು ನೋಯುವಂತೆ ಹಿಡಿದು, ಹಲ್ಲು ಕಡಿಯುತ್ತ "ಒಂದು" ಎಂದಳು. ಇವನನ್ನೂ ಎಣಿಸಬೇಕಲ್ಲ! ಆದರೂ ಎಣಿಸಿದಳು. ತಂತಿಯವಳು ಗುಂಡಿ ಒತ್ತಿದಳು, ದೀಪ ಹತ್ತಿತು.

"ಎರಡು." ದೊಡ್ಡಮನೆಯ ಹಿರಿಯ. "ಮೂರು." ಅವನ ಹೆಂಡತಿ. "ನಾಲ್ಕು."

"ಬಾಯಲ್ಲಿ ಎಣಿಸ್ತಿದ್ದಾಳಲ್ಲೋ, ಹಿಡೀರೋ!" ಎಂದು ನಾಲ್ಕನೆಯವನು ಕೂಗಿದ. "ಐದು" ಎಂದು ಅವಳು ಅವನ ಹಿಂದಿನವನ ಎದೆಗೆ ಕೈಯಿಟ್ಟಳು. ಯಾರೂ ಹಿಡಿಯಲಿಲ್ಲ. ಅವಳ ಬಲತೋಳನ್ನು ಎಲ್ಲರೂ ಬಲ್ಲರು. ಅವಳು ಒಬ್ಬೊಬ್ಬರನ್ನೂ ಬೈಯುವ ದನಿಯಲ್ಲಿ ಎಣಿಸಿದಳು, ಒಬ್ಬೊಬ್ಬರನ್ನೂ ಮುಟ್ಟಿ ಎಣಿಸಿದಳು. ಸಾಲಿನಲ್ಲಿ ಒಂದು ಕಡೆ ಬಂದಾಗ ಅವಳ ತೋಳು ತಾನಾಗಿ ಬಿಗಿಯಾಯಿತು. ಗಂಟೆಯ ಜಾಗ. ಅಲ್ಲಿ ಎಣ್ಣೆ ಮಾರುವವಳೊಬ್ಬಳು ಕಣ್ಣು ಮುಚ್ಚಿ ನಿಂತಿದ್ದಳು. ಹಿಡಿಯವಳು ಅವಳ ಕೆನ್ನೆ ಮುಟ್ಟಿ, ಆ ಊರಿನಲ್ಲಿ ಯಾರ ಬಾಯಿಂದಲೂ ಬಂದಿರದ ಸಂಖ್ಯೆಯನ್ನು ಹೇಳಿದಳು. ಏನೂ ಹೊಡೆಯಲಿಲ್ಲ. ಎಣ್ಣೆಯವಳು ಕಣ್ಣು ಬಿಟ್ಟು ಸುತ್ತ ನೋಡಿ, "ಹಾಗಾದ್ರೆ ನನ್ನ ಗಂಡ?" ಎಂದಳು. ಗಂಟೆ ಅವನ ಮೇಲೆ ಹೊಡೆದು ವರ್ಷಗಳಾಗಿದ್ದವು. ಅವಳು ಮತ್ತೆ ಕೇಳಿದಳು, ಈ ಸಲ ಚೀರಿ: "ಹಾಗಾದ್ರೆ ನನ್ನ ಗಂಡ?"

ಸಾಲು ಮುಗಿದರೂ ಹಿಡಿಯವಳು ನಿಲ್ಲಲಿಲ್ಲ. ಎಣಿಸುತ್ತಲೇ ಸಂತೆಮಾಳ ದಾಟಿದಳು. ಎಣ್ಣೆಯವಳು ಹಿಂದೆಯೇ ಓಡಿದಳು, ಅವಳ ಹಿಂದೆ ಜನ. ಕೊಟ್ಟಿಗೆಯಲ್ಲಿ ಒಬ್ಬೊಬ್ಬರನ್ನೂ ಮುಟ್ಟಿ ಎಣಿಸಿದಳು. ಕೆಲವರು ಅತ್ತರು, ಕೆಲವರು ಅವಳ ಕೈ ತಳ್ಳಿದರು, ಒಬ್ಬ ಮುದುಕ ಅವಳ ಮುಖಕ್ಕೆ ಉಗುಳಿದ. ಅವನನ್ನೂ ಎಣಿಸಿದಳು. ಸಂಖ್ಯೆ ಕೇಳಿದ ಜನ ಕಣಜ ಕಾಯುವವನ ಕಡೆ ತಿರುಗಿದರು. "ಇಷ್ಟು ಜನಕ್ಕೆ ಗಂಟೆಯಿಂದ ಈಚಿನವರ ಲೆಕ್ಕದಷ್ಟೇ ಸೇರೇನೋ ಕೊಡ್ತಿದ್ದದ್ದು?" ಅವನು ಓಡಿದ.

ತಂತಿಯವಳನ್ನು ಎಣಿಸಿದಳು. ತಂಗಿಯನ್ನು ಎಣಿಸಿದಳು. ಅಲ್ಲಿಗೆ ನಿಲ್ಲಿಸಿದಳು.

"ನೀನು?" ಎಂದಳು ತಂಗಿ.

"ನನ್ನ ಬಿಡೆ. ನಿಮ್ಮನ್ನೆಲ್ಲ ಇಲ್ಲಿಗೆ ಕಳಿಸಿದ್ದೇ ಈ ಕೈ."

"ಆ ಯಜಮಾನನ್ನ ಎಣಿಸಿದ್ಮೇಲೆ ನಿನ್ನ ಬಿಡೋಕಾಗ್ತದೇನೇ?" ಎಂದು ತಂಗಿ ಅವಳ ಕೆನ್ನೆಗೆ ಒಂದು ಏಟು ಬಾರಿಸಿದಳು. ಕೊಟ್ಟಿಗೆಗೆಲ್ಲ ಕೇಳಿಸುವಂಥ ಏಟು. ಆಮೇಲೆ ಅದೇ ಕೈಯನ್ನು ಅಕ್ಕನ ತಲೆಯ ಮೇಲಿಟ್ಟು ಮುಂದಿನ ಸಂಖ್ಯೆ ಹೇಳಿದಳು. ತಂತಿಯವಳು ಗುಂಡಿ ಒತ್ತಿದಳು.